ಮನೆಯ ಬಳಕೆಗೆ ಎಂತಹ ಇ-ಮೇಲ್ ತಂತ್ರಾಂಶ?
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಆಸುಪಾಸಿನ ನಮ್ಮ ಊರುಗಳಲ್ಲಿ ಗಣಕಯಂತ್ರವುಳ್ಳ ಮನೆ ಈಗ ಅಪರೂಪವಲ್ಲ. ಬ್ಯಾಂಕಿನ ಲೆಕ್ಕಪಟ್ಟಿ, ವಿಮೆಯ ಪತ್ರ, ಮಕ್ಕಳ ಶಾಲಾಶುಲ್ಕದ ರಸೀದಿ ಎಲ್ಲವೂ ಇ-ಮೇಲ್ ಮೂಲಕವೇ ಬರುತ್ತಿವೆ. ಮೊಬೈಲಿನ ಸಾಧಾರಣ ಸೌಲಭ್ಯ ಸಾಕೇ, ಔಟ್‌ಲುಕ್‌ನಂತಹ ಪೂರ್ಣ ತಂತ್ರಾಂಶ ಬೇಕೇ ಎಂದು ಹಲವು ಸದಸ್ಯರು ಕೇಳಿದ್ದೀರಿ. ಬಹುಪಾಲು ಮನೆಗಳಿಗೆ ಸರಳವಾದುದೇ ಸಾಕೆಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಬಂದ ಪತ್ರ ಎಲ್ಲಿ ಉಳಿಯುತ್ತದೆ?

ಇದನ್ನು ನಾನು ನಷ್ಟಪಟ್ಟು ಕಲಿತೆ. ನಮ್ಮ ಮನೆಯ ಗಣಕದಲ್ಲಿ ಹಲವು ವರ್ಷ ಪೂರ್ಣ ತಂತ್ರಾಂಶವನ್ನೇ ಬಳಸುತ್ತಿದ್ದೆ. ಅದು ಪತ್ರಗಳನ್ನೆಲ್ಲ ಗಣಕಕ್ಕೆ ಇಳಿಸಿಕೊಂಡು ಸರ್ವರಿನಿಂದ ಅಳಿಸಿಬಿಡುವಂತೆ ಹೊಂದಿಸಿದವನೂ ನಾನೇ. ಒಂದು ದಿನ ಹಾರ್ಡ್‌ಡಿಸ್ಕ್ ಕೆಟ್ಟಿತು. ತಂದೆಯವರ ಚಿಕಿತ್ಸೆಯ ವರದಿಗಳೂ ಜಮೀನಿನ ಕುರಿತ ಪತ್ರವ್ಯವಹಾರವೂ ಅದರೊಡನೆಯೇ ಹೋದವು.

ಹೀಗೆ ಇಳಿಸಿಕೊಳ್ಳುವ ಪದ್ಧತಿಗೆ ಪಾಪ್ ಎಂದು ಹೆಸರು. ಐಮ್ಯಾಪ್ ಎಂಬ ಇನ್ನೊಂದು ಪದ್ಧತಿಯಲ್ಲಿ ಮೂಲಪತ್ರ ಸರ್ವರಿನಲ್ಲಿಯೇ ಇರುತ್ತದೆ. ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಮೂಲ, ನಮ್ಮ ಕೈಯಲ್ಲಿ ನಕಲು ಇದ್ದಂತೆ. ಮೊಬೈಲಿನಲ್ಲಿಯೂ ಗಣಕದಲ್ಲಿಯೂ ಅದೇ ಪತ್ರ ಕಾಣುತ್ತದೆ. ಒಂದೆಡೆ ಅಳಿಸಿದರೆ ಎಲ್ಲೆಡೆಯೂ ಅಳಿಯುತ್ತದೆ ಎಂಬ ಎಚ್ಚರವಿರಲಿ.

ನಮ್ಮ ಭಾಗಕ್ಕೇ ವಿಶೇಷವಾದ ಸಂಗತಿಯೊಂದನ್ನು ಹೇಳಬೇಕು. ಮನೆಯಲ್ಲಿರುವ ಲ್ಯಾಪ್‌ಟಾಪ್ ಅನೇಕ ವೇಳೆ ಮಗನದೋ ಸೊಸೆಯದೋ ಕಂಪನಿಗೆ ಸೇರಿದ್ದು. ಕೆಲಸ ಬಿಟ್ಟ ದಿನ ಅದು ಹಿಂದಿರುಗುತ್ತದೆ. ಅದರಲ್ಲಿ ಮನೆಯ ಖಾತೆಯನ್ನು ತೆರೆಯಲೇಬೇಡಿ.

ಸರಳ ಸೌಲಭ್ಯಕ್ಕೂ ಮಿತಿಗಳಿವೆ. ಜಿಮೇಲ್ ಉಚಿತವಾಗಿ ನೀಡುವ 15 ಜಿಬಿ ಸ್ಥಳದಲ್ಲಿ ಗೂಗಲ್ ಫೋಟೋಸ್‌ನ ಚಿತ್ರಗಳಿಗೂ ಪಾಲಿದೆ. ಮದುವೆಯ ವೀಡಿಯೊಗಳು ಅದನ್ನು ತುಂಬಿದರೆ ಹೊಸ ಪತ್ರ ಒಳಗೆ ಬರುವುದಿಲ್ಲ. ವಿಂಡೋಸ್ ಜೊತೆಗೇ ಬರುತ್ತಿದ್ದ ಸರಳವಾದ ಮೇಲ್ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ 2024ರ ಡಿಸೆಂಬರ್ 31ರಂದು ಬೆಂಬಲ ನಿಲ್ಲಿಸಿತು. ಪತ್ರಗಳು ಸರ್ವರಿನಲ್ಲಿದ್ದವರಿಗೆ ಅದರಿಂದ ಹೆಚ್ಚಿನ ತೊಂದರೆಯಾಗಲಿಲ್ಲ.

ಹಾಲು ಉತ್ಪಾದಕರ ಸಂಘ, ದೇವಸ್ಥಾನ ಸಮಿತಿ, ಸ್ವಂತ ವ್ಯವಹಾರ ಎಂದು ಮೂರು ನಾಲ್ಕು ಖಾತೆಗಳನ್ನು ನೋಡಿಕೊಳ್ಳುವವರಿಗೆ ಪೂರ್ಣ ತಂತ್ರಾಂಶ ನಿಜಕ್ಕೂ ಉಪಯುಕ್ತ. ಎಲ್ಲ ಖಾತೆಗಳೂ ಒಂದೆಡೆ ದೊರೆಯುತ್ತವೆ. ಇಂಟರ್ನೆಟ್ ಇಲ್ಲದಾಗಲೂ ಇಳಿಸಿಕೊಂಡ ಪತ್ರಗಳನ್ನು ಹುಡುಕಿ ಓದಬಹುದು. ಅದಕ್ಕಾಗಿ ಹಣ ತೆರಲೇಬೇಕೆಂದಿಲ್ಲ. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಥಂಡರ್‌ಬರ್ಡ್ ಇಂದಿಗೂ ಉಚಿತ. ಅದನ್ನು ಐಮ್ಯಾಪ್‌ನಲ್ಲಿಯೇ ಹೊಂದಿಸಿಕೊಳ್ಳಿ.

ಕನ್ನಡದ ವಿಷಯದಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸವಿಲ್ಲ. ಹಳೆಯ ನುಡಿ ಲಿಪಿಯಲ್ಲಿ ಟೈಪಿಸಿದ್ದನ್ನು ಹಾಗೆಯೇ ಅಂಟಿಸಿ ಕಳುಹಿಸಿದರೆ ಯಾವ ತಂತ್ರಾಂಶವಿದ್ದರೂ ಓದುವವರಿಗೆ ಅರ್ಥವಿಲ್ಲದ ಚಿಹ್ನೆಗಳೇ ಕಾಣುತ್ತವೆ. ಯೂನಿಕೋಡ್‌ನಲ್ಲಿ ಬರೆಯಿರಿ.

ಪಂಚಾಯಿತಿಯ ಕಚೇರಿ ಪತ್ರಗಳಿಗೆ ಕಚೇರಿಯ ಖಾತೆಯೇ ಇದೆ. ಅವುಗಳನ್ನು ಮನೆಯ ಖಾತೆಯಲ್ಲಿ ಬೆರೆಸುವುದು ಬೇಡ.

ಊಟದ ಬಳಿಕ ತಮ್ಮ ತಮ್ಮ ಮೊಬೈಲ್ ತೆಗೆದಿಟ್ಟುಕೊಳ್ಳಿ. ಪತ್ರಗಳು ಎಲ್ಲಿ ಉಳಿಯುತ್ತಿವೆ, ಎಷ್ಟು ಸ್ಥಳ ಬಾಕಿಯಿದೆ ಎಂಬುದನ್ನು ಒಟ್ಟಿಗೆ ನೋಡೋಣ. ಪಾಸ್‌ವರ್ಡನ್ನು ಮಾತ್ರ ತಾವೇ ಒತ್ತಿ, ನನಗೂ ಹೇಳಬೇಡಿ.