ಗೌರವಧನದ ಗೌರವ ಯಾರಿಗೆ?

(ಟಿ. ನರಸೀಪುರ ತಾಲ್ಲೂಕು ಸೋಮನಾಥಪುರದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಬಂಧುಗಳೇ, ಅಂಗನವಾಡಿಗೆ ಬೀಗ ಹಾಕಿಕೊಂಡು ಸೀದಾ ಇಲ್ಲಿಗೇ ಬಂದಿರುವ ಅಕ್ಕತಂಗಿಯರೇ,

ಖಾಸಗೀಕರಣ ಅಂದ ಕೂಡಲೆ ನಮ್ಮ ಓದಿದ ಹುಡುಗರು ಬ್ಯಾಂಕು, ರೈಲು, ವಿಮಾನ ಅಂತ ಮಾತು ತೆಗೀತಾರೆ. ತಪ್ಪೇನಲ್ಲ. ಆದರೆ ನಮ್ಮ ಕೇರೀಲಿ ವಿಮಾನ ಹತ್ತಿದವರು ಎಷ್ಟು ಮಂದಿ? ನಮ್ಮ ಕೇರಿಗೆ ಅದು ಬಂದದ್ದು ಬೇರೆ ದಾರೀಲಿ. ಸೌಟು ಹಿಡಿದ ಕೈಗೆ, ಪೊರಕೆ ಹಿಡಿದ ಕೈಗೆ, ಕಂಡವರ ಮಕ್ಕಳ ಮೂಗು ಒರೆಸುವ ಕೈಗೆ ಬಂತು. ಯಾವುದನ್ನೂ ಹರಾಜು ಹಾಕಲಿಲ್ಲ, ಮಾರಲಿಲ್ಲ. ಕೆಲಸ ಸರ್ಕಾರದ್ದೇ, ಆದರೆ ಕೆಲಸದವಳು ಸರ್ಕಾರದವಳಲ್ಲ ಅಂದರು, ಅಷ್ಟೆ.

ಇದನ್ನು ಈ ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿದ ಜಾಗ ನಮ್ಮ ಟಿ. ನರಸೀಪುರ. 100 ಅಂಗನವಾಡಿ ತೆರೆದರು. ಆಗ ಎಸ್ಸೆಸ್ಸೆಲ್ಸಿ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ, ಪಾಸಾಗದವಳಿಗೆ 100, ಸಹಾಯಕಿಗೆ 35. ಮೂವತ್ತೈದು ರೂಪಾಯಿಯನ್ನು ಸಂಬಳ ಅನ್ನೋದಕ್ಕೆ ಸರ್ಕಾರಕ್ಕೂ ನಾಚಿಕೆ ಆಗಿರಬೇಕು, 'ಗೌರವಧನ' ಅಂತ ಹೆಸರಿಟ್ಟರು. 2025ಕ್ಕೆ ಐವತ್ತು ವರ್ಷ ತುಂಬಿತು, ಹೆಸರು ಬದಲಾಗಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಪಾಲನ್ನು ಕಾರ್ಯಕರ್ತೆಗೆ 4500, ಸಹಾಯಕಿಗೆ 2250 ಮಾಡಿತು. ಅದರ ಮೇಲೆ ರಾಜ್ಯ ತನ್ನದಿಷ್ಟು ಹಾಕುತ್ತದೆ. ನಾವು ಬೀದಿಗಿಳಿದು ಮಲಗಿದಾಗ ಇನ್ನಷ್ಟು ಹಾಕುತ್ತದೆ.

ನಮ್ಮ ಪಕ್ಕದ ಕೇರಿಯ ಒಬ್ಬ ದೊಡ್ಡವ್ವನ ವಿಷಯ ಹೇಳಬೇಕು. ಇಪ್ಪತ್ತು ವರ್ಷದ ಮೇಲೆ ಸಹಾಯಕಿಯಾಗಿದ್ದವರು. ಬೆಳಿಗ್ಗೆ ಬೀಗ ತೆಗೆದು ಗುಡಿಸಿ, ನೀರು ಹೊತ್ತು, ಮನೆಮನೆಗೆ ಹೋಗಿ ಅಳುವ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಒಲೆ ಹಚ್ಚಿ ಬೇಯಿಸಿ ಹಾಕಿ, ಪಾತ್ರೆ ತಿಕ್ಕಿ, ಅದರ ಮಧ್ಯೆ ಪೋಲಿಯೊ ಹನಿ ದಿನ ಊರೆಲ್ಲ ಸುತ್ತಿದವರು. ವಯಸ್ಸಾಯಿತು ಅಂತ ಒಂದು ದಿನ ಕಛೇರಿಯಿಂದ ಮಾತು ಬಂತು: ನಾಳೆಯಿಂದ ಬರಬೇಡವ್ವ, ಬೀಗದ ಕೈ ಕೊಟ್ಟು ಹೋಗು. ಪಿಂಚಣಿ ಇಲ್ಲ, ಕೈಗೊಂದು ಕಾಗದವೂ ಇಲ್ಲ. ಅವರು ನಮ್ಮನ್ನು ಕೇಳಿದರು: "ಅಲ್ಲ ಕಣ್ರಪ್ಪ, ಇಷ್ಟು ವರ್ಸ ನಾನು ಯಾರತ್ರ ಕೆಲ್ಸ ಮಾಡ್ದೆ?"

ನಮಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿದೆವು. ಕರ್ನಾಟಕ ಸರ್ಕಾರವೇ ಅಮೀರ್‌ಬಿ ಎಂಬ ಕಾರ್ಯಕರ್ತೆಯ ಕೇಸನ್ನು ಸುಪ್ರೀಂ ಕೋರ್ಟಿನ ತನಕ ಒಯ್ದು, 2006ರ ಡಿಸೆಂಬರ್‌ನಲ್ಲಿ ಅಂಗನವಾಡಿಯವರದು ಸರ್ಕಾರಿ ಹುದ್ದೆಯಲ್ಲ ಅಂತ ತೀರ್ಪು ತಂದಿತು. 2022ರ ಏಪ್ರಿಲ್ 25ರಂದು ಗುಜರಾತಿನ ಹೆಂಗಸರ ಕೇಸಿನಲ್ಲಿ ಅದೇ ಕೋರ್ಟು, ಹೆಸರು ಗೌರವಧನವಾದರೂ ಅದು ಕೂಲಿಯೇ, ಇವರಿಗೆ ಗ್ರಾಚ್ಯುಟಿ ಸಲ್ಲಬೇಕು ಅಂದಿತು. ಒಳ್ಳೆಯದೇ. ಅದಕ್ಕೆ ಮೊದಲೇ ಬೀಗದ ಕೈ ಕೊಟ್ಟು ಹೋದವರ ಪಾಡೇನು?

ಇದೇ ಊರಿನ ಕೇಶವ ದೇವಸ್ಥಾನದ ಬಾಗಿಲಲ್ಲಿ ಶಾಸನದ ಕಲ್ಲಿದೆ. ಹದಿಮೂರನೇ ಶತಮಾನದಲ್ಲಿ ಸೋಮನಾಥ ದಂಡನಾಯಕ ಅಗ್ರಹಾರ ಮಾಡಿ ಯಾರಿಗೆ ಏನು ಬಿಟ್ಟುಕೊಟ್ಟ ಅನ್ನೋದನ್ನು ಕಲ್ಲಲ್ಲಿ ಕೊರೆಸಿದ್ದಾರೆ. 2023ರಲ್ಲಿ ಅದು ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಅಗ್ರಹಾರದವರ ಲೆಕ್ಕ ಏಳು ನೂರು ವರ್ಷ ನಿಲ್ಲುತ್ತದೆ, ನಮ್ಮ ದೊಡ್ಡವ್ವನ ಲೆಕ್ಕ ಒಂದು ಹಾಳೆಯಲ್ಲೂ ನಿಲ್ಲುವುದಿಲ್ಲ.

ಇರಲಿ. ಈಗ ಸೌಟಿನ ವಿಷಯಕ್ಕೆ ಬರೋಣ. 2004ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು, ಶಾಲೆಯ ಬಿಸಿಯೂಟದ ಅಡುಗೆಗೆ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ ಅಂತ ಆದೇಶ ಮಾಡಿತು. ಅದೇ ವರ್ಷ ಅಕ್ಟೋಬರ್ 7ರಂದು, ಅಂಗನವಾಡಿ ಆಹಾರಕ್ಕೆ ಕಂಟ್ರಾಕ್ಟರುಗಳನ್ನು ಬಿಟ್ಟುಕೊಳ್ಳಬೇಡಿ ಅಂದಿತು. ಈ ಎರಡು ಆದೇಶ ಒಂದನ್ನೊಂದು ಕಾಯುತ್ತವೆ, ಗಮನಿಸಿ. ಕಂಟ್ರಾಕ್ಟರ್ ಬಂದ ಕಡೆ ಆದ್ಯತೆ ಯಾರಿಗೆ ಅಂತ ಯಾರು ಕೇಳಬೇಕು? ಕೇಳಿದರೂ ಅವನು ಯಾಕೆ ಹೇಳಬೇಕು? ಆದರೂ ನಮ್ಮ ರಾಜ್ಯದಲ್ಲೇ ಏನಾಯಿತು? ಹೆಂಗಸರ ಹೆಸರಿನ ಆಹಾರ ತಯಾರಿಕೆ ಕೇಂದ್ರಗಳನ್ನು ಮುಂದೆ ನಿಲ್ಲಿಸಿ ಹಿಂದೆ ಖಾಸಗಿ ಕಂಪನಿ ವ್ಯವಹಾರ ನಡೆಸುತ್ತಿದೆ ಅಂತ 2012ರಲ್ಲಿ ಕೋರ್ಟಿನ ಕಮಿಷನರರ ಕಡೆಯವರೇ ವರದಿ ಕೊಟ್ಟರು.

2025ರ ಜೂನ್‌ನಲ್ಲಿ ಪಕ್ಕದ ಚಾಮರಾಜನಗರ ಜಿಲ್ಲೆಯ ಹೊಮ್ಮದ ಸುದ್ದಿ ಓದಿದಿರಿ. ದಲಿತ ಹೆಂಗಸು ಅಡುಗೆ ಮಾಡುತ್ತಾಳೆ ಅಂತ ಸರ್ಕಾರಿ ಶಾಲೆಯಿಂದ ಮಕ್ಕಳನ್ನು ಬಿಡಿಸಿಕೊಂಡು ಹೋದರು ಅಂತ ಪತ್ರಿಕೆಗಳಲ್ಲಿ ಬಂತು. ಅಧಿಕಾರಿಗಳು ಊರಿಗೆ ಹೋಗಬೇಕಾಯಿತು, ಜನರನ್ನು ಕೂರಿಸಿ ಮಾತಾಡಬೇಕಾಯಿತು. ಯಾಕೆ? ಒಲೆ ಸರ್ಕಾರದ್ದು. ಸರ್ಕಾರದ ಒಲೆ ಮುಂದೆ 17ನೇ ವಿಧಿ ಇದೆ. ಈಗ ಕೆಲವರು ನಯವಾಗಿ ಹೇಳುತ್ತಾರೆ: ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಊಟ ಬಂದರೆ ಈ ಜಗಳವೇ ಇರುವುದಿಲ್ಲವಲ್ಲ? ಹೌದು ಸ್ವಾಮಿ, ಇರುವುದಿಲ್ಲ. ಜಾತಿ ಹೋಗಿರುವುದಿಲ್ಲ, ನಮ್ಮ ಹೆಂಗಸಿನ ಕೈ ಹೋಗಿರುತ್ತದೆ. ಹೊಮ್ಮದಲ್ಲಿ ಬಾಯಿಬಿಟ್ಟು ಕೇಳಿದ್ದನ್ನು ವ್ಯಾನು ಬಾಯಿಬಿಡದೆ ಮಾಡಿ ಮುಗಿಸುತ್ತದೆ. ಬಿಸಿಯೂಟದ ನಮ್ಮ ಅಡುಗೆಯವರಿಗೆ ಕೇಂದ್ರದ ಲೆಕ್ಕದಲ್ಲಿ ತಿಂಗಳಿಗೆ 1000 ರೂಪಾಯಿ ಅಂತ 2009ರಲ್ಲಿ ಗೊತ್ತುಮಾಡಿದರು, ಅದೂ ವರ್ಷಕ್ಕೆ ಹತ್ತು ತಿಂಗಳು. ಬೇಸಿಗೆಯಲ್ಲಿ ಅವರಿಗೆ ಹೊಟ್ಟೆ ಇರುವುದಿಲ್ಲ ಅಂತ ಕಾಣುತ್ತೆ. ಅಷ್ಟನ್ನೂ ಉಳಿಸಿಕೊಳ್ಳೋದಕ್ಕೆ ನಾವು ಹೋರಾಡಬೇಕು, ಯಾಕಂದ್ರೆ ಆ ಸೌಟು ಹೋದರೆ ಮತ್ತೆ ಕೈಗೆ ಬರುವುದಿಲ್ಲ.

ಹಾಸ್ಟೆಲ್ಲುಗಳ ಹೊರಗುತ್ತಿಗೆ ಅಡುಗೆಯವರೂ ಇಲ್ಲಿ ಕೂತಿದ್ದೀರಿ. ಟೆಂಡರ್ ಮುಗಿದು ಏಜೆನ್ಸಿ ಬದಲಾದರೆ ನಿಮ್ಮ ಸರ್ವಿಸು ಮತ್ತೆ ಸೊನ್ನೆ. ಗ್ರಾಚ್ಯುಟಿಗೆ 1972ರ ಕಾಯ್ದೆ ಒಬ್ಬ ಮಾಲೀಕನ ಹತ್ತಿರ ಐದು ವರ್ಷ ಕೇಳುತ್ತಿತ್ತು, ಮಾಲೀಕನೇ ಐದು ವರ್ಷ ಇರುತ್ತಿರಲಿಲ್ಲ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಅಂತ ರಾಜ್ಯ ಸರ್ಕಾರ ಆದೇಶ ಮಾಡಿದ್ದು 2024ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಕಸ ಗುಡಿಸುವ ಹುದ್ದೆ, ಕಕ್ಕಸು ತೊಳೆಯುವ ಹುದ್ದೆ ಎಷ್ಟೋ ಗುತ್ತಿಗೆಗೆ ಹೋಗಿ ಆಗಿತ್ತು. ಆ ಹುದ್ದೆಗಳಲ್ಲಿ ಮೀಸಲಾತಿ ಇಲ್ಲದಿದ್ದರೂ ನಾವೇ ಇದ್ದೆವು ಅನ್ನೋದು ಬೇರೆ ಮಾತು!

ಆದರೆ ಹೋದದ್ದು ಬರುವುದೇ ಇಲ್ಲ ಅಂತಲ್ಲ. 2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ನಾಲ್ಕು ದಿನ ಪೊರಕೆ ಕೆಳಗಿಟ್ಟರು. ಊರುಗಳು ನಾರಿದವು. ಸರ್ಕಾರ ಕಾಯಂ ಮಾಡುವ ಮಾತು ಕೊಟ್ಟಿತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12 ಸಾವಿರಕ್ಕೂ ಹೆಚ್ಚು ಜನರ ಕೈಗೆ ಆದೇಶ ಪತ್ರ ಬಂತು. ಗಾಡಿ ಓಡಿಸುವವರು, ಕಸ ಲೋಡು ಮಾಡುವವರು ಇನ್ನೂ ಕೇಳುತ್ತಲೇ ಇದ್ದಾರೆ.

ಆದ್ದರಿಂದ ಈಗ ಕೆಲಸದ ಮಾತು. ಬರುವ ಭಾನುವಾರ ನಾವು ಟಿ. ನರಸೀಪುರದಲ್ಲಿ ಕೂರುತ್ತೇವೆ. ಹಾಲಿ ಇರುವವರು, ಮನೆಗೆ ಹೋದವರು, ಎಲ್ಲರ ಸರ್ವಿಸ್ ಲೆಕ್ಕ ಬರೆಯುತ್ತೇವೆ. ಆಯ್ಕೆ ಪತ್ರ ಇದ್ದರೆ ತನ್ನಿ, ಇಲ್ಲದಿದ್ದರೆ ಹಳೇ ಪಾಸ್‌ಬುಕ್ಕು, ಹಾಜರಿ ಪುಸ್ತಕದ ನಕಲು, ತರಬೇತಿಯಲ್ಲಿ ತೆಗೆಸಿದ ಫೋಟೊ ಆದರೂ ತನ್ನಿ. ನಿಮ್ಮ ಊರಿನ ದೊಡ್ಡವ್ವಂದಿರಿಗೆ ನಡೆಯೋಕಾಗದಿದ್ದರೆ ಹೇಳಿ, ನಮ್ಮ ಹುಡುಗರು ಬಂದು ಬರಕೊಳ್ತಾರೆ. ಮತದಾರರ ಪಟ್ಟಿ ಕೆಲಸಕ್ಕೋ ಚುನಾವಣೆಗೋ ಹಾಕಿದ ಡ್ಯೂಟಿ ಆರ್ಡರ್ ಯಾರ ಹತ್ತಿರವಾದರೂ ಇದ್ದರೆ ಅದನ್ನು ಮೊದಲು ತನ್ನಿ. ಅದರ ಮೇಲೆ ಸರ್ಕಾರದ ಮೊಹರು ಇರುತ್ತದೆ.