ಅಜ್ಜಿಯ ಮಾತಿಗೆ ನಮ್ಮ ಅಕ್ಷರ



ನೀವು ಅಕ್ಷರ ಕಲಿತಿದ್ದೀರಿ. ಕೂಡಿಸಿ ಓದುತ್ತೀರಿ. ನಿಮ್ಮ ಹೆಸರು, ಊರಿನ ಹೆಸರು ಬರೆಯುತ್ತೀರಿ. ತುಂಬಾ ಸಂತೋಷ. ಆದರೆ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರಬಹುದು. "ಇಲ್ಲಿ ಬಸ್ಸಿನ ಬೋರ್ಡು ತಮಿಳು. ರೇಷನ್ ಕಾರ್ಡು ತಮಿಳು. ಮಕ್ಕಳ ಶಾಲೆ ತಮಿಳು. ಕನ್ನಡ ಅಕ್ಷರ ಕಲಿತು ಏನು ಮಾಡೋದು?"

ಪ್ರಶ್ನೆ ಸರಿಯಾಗಿಯೇ ಇದೆ. ತಮಿಳು ಓದುಬರಹ ನಮಗೆ ಬೇಕೇ ಬೇಕು. ಅದು ಊರಿನ ಭಾಷೆ, ಕಚೇರಿಯ ಭಾಷೆ. ಕನ್ನಡ ಅಕ್ಷರಕ್ಕೆ ಮನೆಯ ಒಳಗೆ ಕೆಲಸ ಇದೆ. ಅಜ್ಜಿ ನಿಮಗೆ ಹೇಳಿದ್ದೆಲ್ಲ ಕನ್ನಡದಲ್ಲಿ. ಅವರು ಹೇಳಿದ ಹಾಗೆಯೇ ಅದನ್ನು ಬರೆದಿಡಲು ಈ ಅಕ್ಷರ ಬೇಕು. ಇವತ್ತು ಆ ವಿಷಯ ಮಾತಾಡೋಣ.

ಹನ್ನೆರಡು ವರ್ಷ ಸಾಕು

ಮರೆಯೋಕೆ ನೂರು ವರ್ಷ ಬೇಕಾಗಿಲ್ಲ. ಮಧುರೆಯಿಂದ ತೇನಿ ದಾರಿಯಾಗಿ ಬೋಡಿನಾಯಕನೂರಿಗೆ ಚಿಕ್ಕ ಹಳಿಯ ರೈಲು ಓಡುತ್ತಿತ್ತು. 2010ರ ಕೊನೆಯಲ್ಲಿ ಅದನ್ನು ನಿಲ್ಲಿಸಿದರು. ದೊಡ್ಡ ಹಳಿ ಹಾಕಿದ ಮೇಲೆ ತೇನಿಗೆ ರೈಲು ಬಂದದ್ದು 2022ರಲ್ಲಿ. ಬೋಡಿಗೆ ಬಂದದ್ದು 2023ರಲ್ಲಿ. ನಡುವೆ ಹನ್ನೆರಡು ವರ್ಷ ಹೋಯಿತು. ಆಗ ಹುಟ್ಟಿದ ಮಕ್ಕಳಿಗೆ ಹಳೆಯ ರೈಲು ಗೊತ್ತೇ ಇಲ್ಲ. ಅದರಲ್ಲಿ ಯಾರು ಸೊಸೆಯಾಗಿ ಬಂದರು, ಯಾರು ಕೆಲಸ ಹುಡುಕಿಕೊಂಡು ಹೋದರು ಅನ್ನೋದು ದೊಡ್ಡವರ ತಲೆಯಲ್ಲಿ ಮಾತ್ರ ಇದೆ.

ಮನೆಯ ಕಥೆಯೂ ಹೀಗೆಯೇ. ಹಿಂದೆ ರಾತ್ರಿ ಊಟ ಆದ ಮೇಲೆ ಅಜ್ಜಿ ಹೇಳ್ತಾ ಇದ್ದರು, ಮಕ್ಕಳು ಕೇಳ್ತಾ ಇದ್ದರು. ಈಗ ಅವ್ವ ಬೆಳಗಾಗುವ ಮೊದಲೇ ಜೀಪು ಹತ್ತಿ ಬೆಟ್ಟದ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗುತ್ತಾಳೆ. ಮಗ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಇದ್ದಾನೆ. ಮೊಮ್ಮಗಳು ಚೆನ್ನೈಯಲ್ಲಿ ಓದುತ್ತಾಳೆ. ಅಜ್ಜಿಯ ಹತ್ತಿರ ಕೂತು ಕೇಳುವವರು ಯಾರು? ಇದು ಯಾರ ತಪ್ಪೂ ಅಲ್ಲ, ಹೊಟ್ಟೆಪಾಡು. ಆದರೆ ಒಂದು ತಲೆಮಾರು ಕೇಳದೆ ಹೋದರೆ ಸಾಕು, ಬಾಯಿಂದ ಬಾಯಿಗೆ ಬಂದದ್ದು ಅಲ್ಲಿಗೇ ನಿಲ್ಲುತ್ತದೆ.

ಕಂಬಂನ "ದೇವರು ಆವು"

ಹಾಗಾದರೆ ಹಳೆಯ ನೆನಪು ಉಳಿಯುವುದೇ ಇಲ್ಲವೇ? ಉಳಿಯುತ್ತದೆ. ನಮ್ಮ ಕಣಿವೆಯಲ್ಲಿಯೇ ಒಂದು ಉದಾಹರಣೆ ಇದೆ.

ಕಂಬಂ ಕಡೆ ಕನ್ನಡ ಮಾತಾಡುವ ಒಕ್ಕಲಿಗರು ಇದ್ದಾರೆ. ತಮಿಳಿನಲ್ಲಿ ಅವರನ್ನು ಕಾಪ್ಪಿಲಿಯರ್ ಎನ್ನುತ್ತಾರೆ. ತುಂಗಭದ್ರೆಯ ಕಡೆಯಿಂದ ಬಂದವರು ನಾವು ಎಂದು ಅವರ ಹಿರಿಯರು ಹೇಳುತ್ತಾ ಬಂದಿದ್ದಾರೆ. ಬರುವಾಗ ದನಗಳನ್ನು ಹೊಡೆದುಕೊಂಡು ಬಂದರಂತೆ. ಕಂಬಂನಲ್ಲಿ ಅವರದೊಂದು ದೇವರ ಹಿಂಡು ಇದೆ. ತಮಿಳಿನಲ್ಲಿ ಅದು "ತಂಬಿರಾನ್ ಮಾಡು". ಕನ್ನಡದಲ್ಲಿ "ದೇವರು ಆವು".

"ಆವು" ಅನ್ನುವ ಮಾತನ್ನು ಗಮನಿಸಿ. ಕರ್ನಾಟಕದ ಊರುಗಳಲ್ಲಿ ಈಗ ಹಸು, ಆಕಳು, ದನ ಎನ್ನುತ್ತಾರೆ. "ಆವು" ಹಳಗನ್ನಡದ ಮಾತು. ಅದು ಕಂಬಂನ ದನದ ತೊಳುವಿನಲ್ಲಿ ಉಳಿದುಕೊಂಡು ಬಂತು.

ಹಿಂದೆ ಈ ಹಿಂಡಿನ ಹಸುಗಳ ಹಾಲು ಕರೆಯುತ್ತಿರಲಿಲ್ಲ. ಸತ್ತರೆ ಮಣ್ಣು ಮಾಡುತ್ತಿದ್ದರು. ಹಿಂಡಿಗೆ ಒಂದು ಪಟ್ಟದ ಹೋರಿ ಇರುತ್ತಿತ್ತು. ಅದನ್ನು ಆರಿಸುವ ಕ್ರಮ ಚೆನ್ನಾಗಿದೆ. ಒಳ್ಳೆಯ ದಿನ ನೋಡಿ ಹಿಂಡನ್ನು ಒಂದು ಕಡೆ ಸೇರಿಸುತ್ತಿದ್ದರು. ಕರ್ಪೂರ ಹಚ್ಚಿ ಪೂಜೆ ಮಾಡಿ, ಮುಂದೆ ಕಬ್ಬಿನ ಕಟ್ಟು ಇಡುತ್ತಿದ್ದರು. ಯಾವ ಹೋರಿ ಮೊದಲು ಕಬ್ಬಿನ ಹತ್ತಿರ ಬರುತ್ತದೋ ಅದೇ ರಾಜ. ಅದಕ್ಕೆ ಅರಿಶಿನ ಹಚ್ಚಿ, ಹೂವಿನ ಹಾರ ಹಾಕಿ, ನಂದಗೋಪಾಲಸ್ವಾಮಿ ಎಂದು ಕರೆಯುತ್ತಿದ್ದರು. ಇಂದಿಗೂ ಮಾಟ್ಟುಪೊಂಗಲ್ ದಿನ ಕಂಬಂನ ನಂದಗೋಪಾಲನ ಗುಡಿಗೆ ಜನ ಸೇರುತ್ತಾರೆ. ಜಾತಿ ನೋಡದೆ ಸುತ್ತಲಿನ ರೈತರೆಲ್ಲ ಬರುತ್ತಾರೆ.

ಈ ನೆನಪು ಯಾಕೆ ಉಳಿಯಿತು? ಅದಕ್ಕೆ ದಿನದ ಕೆಲಸ ಒಂದು ಅಂಟಿಕೊಂಡಿತ್ತು. ದನ ಮೇಯಿಸಬೇಕು, ನೀರು ಕುಡಿಸಬೇಕು. ವರ್ಷಕ್ಕೆ ಒಂದು ಹಬ್ಬ ಇತ್ತು. ಒಂದು ಹೆಸರು ಇತ್ತು. ಮಗು "ಇದು ಯಾಕೆ?" ಎಂದು ಕೇಳಿದಾಗ ತಾತ ಕಥೆ ಹೇಳಲೇಬೇಕಾಗಿತ್ತು. ಬರೀ ತಲೆಯಲ್ಲಿ ಇದ್ದದ್ದು ತಲೆಯ ಜೊತೆಗೇ ಹೋಗುತ್ತದೆ. ವಸ್ತುವಿಗೆ, ಕೆಲಸಕ್ಕೆ ಅಂಟಿದ ನೆನಪು ಹೆಚ್ಚು ಕಾಲ ಬಾಳುತ್ತದೆ.

ಆದರೆ ವಸ್ತುವೂ ಬದಲಾಗುತ್ತದೆ. ನಮ್ಮ ಕಡೆಯ ಮಲೆಯ ದನಗಳು ಕಾಡಿನಲ್ಲಿ ಮೇಯುತ್ತಿದ್ದವು. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೈ ಕಾಡು ಹುಲಿಗಳ ಮೀಸಲು ಕಾಡಾಯಿತು. 2022ರಲ್ಲಿ ಹುಲಿ ಕಾಡುಗಳಲ್ಲಿ ದನ ಮೇಯಿಸಬಾರದು ಎಂದು ಮದ್ರಾಸ್ ಹೈಕೋರ್ಟ್ ಹೇಳಿತು. ಕಾಡೂ ಉಳಿಯಬೇಕು, ಹುಲಿಯೂ ಉಳಿಯಬೇಕು. ದನ ಸಾಕುವವರಿಗೆ ಕಷ್ಟವೂ ಆಗಿದೆ. ಮಗ್ಗದ ಮನೆಗಳಲ್ಲೂ ಇದೇ ಚಿಂತೆ. ಕೈಮಗ್ಗ ನಿಂತರೆ ಲಾಳಿ, ಹಾಸು, ಹೊಕ್ಕು ಅನ್ನುವ ಮಾತುಗಳು ಎಲ್ಲಿ ನಿಲ್ಲುತ್ತವೆ? ಅದಕ್ಕೇ ಬರಹ ಬೇಕು.

ಬರೆದವರು ಯಾರು?

ದೇವರು ಆವಿನ ವಿಷಯ ಪುಸ್ತಕದಲ್ಲಿ ಇದೆ. 1906ರಲ್ಲಿ ಮಧುರೆ ಜಿಲ್ಲೆಯ ಗೆಜೆಟಿಯರ್ ಎಂಬ ದೊಡ್ಡ ಪುಸ್ತಕ ಬಂತು. ಆಗ ತೇನಿಯೂ ದಿಂಡಿಗಲ್ಲೂ ಮಧುರೆ ಜಿಲ್ಲೆಯಲ್ಲೇ ಇದ್ದವು. ಬರೆದವರು ಡಬ್ಲ್ಯು. ಫ್ರಾನ್ಸಿಸ್ ಎಂಬ ಇಂಗ್ಲಿಷ್ ಅಧಿಕಾರಿ. ಬರೆದದ್ದು ಇಂಗ್ಲಿಷಿನಲ್ಲಿ. ಒಳ್ಳೆಯ ಕೆಲಸ ಮಾಡಿದರು. ಆದರೆ ಅವರು ಹೊರಗಿನವರು. ಹೊರಗಿನಿಂದ ಕಂಡದ್ದನ್ನು ಬರೆದರು. ದನ ಮೇಯಿಸಿದವನ ಹೆಸರು ಏನು? ಅವನ ಹೆಂಡತಿ ಏನು ಬುತ್ತಿ ಕಟ್ಟುತ್ತಿದ್ದಳು? ಮಳೆ ಬಾರದ ವರ್ಷ ಏನು ಮಾಡಿದರು? ಇಂಥದ್ದನ್ನು ಮನೆಯವರೇ ಬರೆಯಬೇಕು. ಆಗ ಮನೆಯವರಿಗೆ ಅಕ್ಷರ ಇರಲಿಲ್ಲ. ಈಗ ನಿಮಗೆ ಇದೆ.

ಇನ್ನೊಂದು ಉದಾಹರಣೆ ನೋಡಿ. ನಮ್ಮ ಕಣಿವೆಗೆ ನೀರು ಕೊಡುವ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿದದ್ದು 1895ರಲ್ಲಿ. ಕಟ್ಟಿಸಿದ ಎಂಜಿನಿಯರ್ ಜಾನ್ ಪೆನ್ನಿಕುಯಿಕ್. ಅವರ ಫೋಟೋ ಇಲ್ಲಿ ಎಷ್ಟೋ ಮನೆಗಳಲ್ಲಿ ಇದೆ. ಜನವರಿ 15, ಅವರು ಹುಟ್ಟಿದ ದಿನ. ಆ ದಿನ ಜನ ಪೊಂಗಲ್ ಇಟ್ಟು ಅವರನ್ನು ನೆನೆಯುತ್ತಾರೆ. 2013ರಲ್ಲಿ ಲೋಯರ್ ಕ್ಯಾಂಪಿನಲ್ಲಿ ಅವರ ಸ್ಮಾರಕ ತೆರೆಯಿತು. ಉಪಕಾರ ನೆನೆಯುವುದು ದೊಡ್ಡ ಗುಣ. ಆದರೆ ಕಲ್ಲು ಹೊತ್ತ ಕೂಲಿಗಳು? ಮಲೇರಿಯಾ ಜ್ವರದಲ್ಲಿ ಎಷ್ಟೋ ಕೂಲಿಗಳು ಕಾಡಿನಲ್ಲೇ ಸತ್ತರು. ಅಂಥವರ ಹೆಸರನ್ನು ಅವರ ಮನೆಯವರು ನೆನೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನಿಮ್ಮ ಮನೆಯಲ್ಲಿ ಅಂಥ ಮಾತು ಇದೆಯೇ? ಕೇಳಿ ನೋಡಿ.

ಹೆಂಗಸರ ಹೆಸರು

ಈಗ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ತಾತನ ಅಪ್ಪನ ಹೆಸರು ಏನು? ಹಲವರು ಹೇಳುತ್ತೀರಿ. ಸರಿ, ನಿಮ್ಮ ಅಜ್ಜಿಯ ಅವ್ವನ ಹೆಸರು ಏನು?

ಇದಕ್ಕೆ ಉತ್ತರ ಹೇಳುವವರು ಕಡಿಮೆ. ವಂಶ ಹೇಳುವಾಗ ಗಂಡಸರ ಹೆಸರು ಮಾತ್ರ ಹೇಳುವ ರೂಢಿ. ಹೆಂಗಸು "ಇಂಥವರ ಹೆಂಡತಿ", "ಇಂಥವರ ತಾಯಿ" ಆಗಿ ಉಳಿಯುತ್ತಾಳೆ. ಆದರೆ ಮನೆಯಲ್ಲಿ ಕನ್ನಡ ಉಳಿಸಿದವರು ಯಾರು? ತೊಟ್ಟಿಲು ತೂಗಿದವರು, ಸೋಬಾನೆ ಹಾಡಿದವರು, ಬೀಜ ಬೂದಿಯಲ್ಲಿ ಕಲಸಿ ಇಟ್ಟವರು. ಅವರ ಹೆಸರು, ಅವರ ತವರೂರು ಮೊದಲು ಬರೆಯಿರಿ. ಹುಟ್ಟಿ ಬದುಕದೆ ಹೋದ ಮಕ್ಕಳನ್ನೂ ಬಿಡಬೇಡಿ. ತಾಯಿ ಅವರನ್ನು ಮರೆತಿರುವುದಿಲ್ಲ.

ಹೇಗೆ ಬರೆಯೋದು?

1. ಒಂದು ನೋಟ್‌ಬುಕ್ ಇಡಿ. ಮನೆಯ ಲೆಕ್ಕ ಅದರಲ್ಲಿ ಬರೆಯಬೇಡಿ.

2. ದೊಡ್ಡವರಿಗೆ ಬಿಡುವು ಇದ್ದಾಗ ಕೇಳಿ. "ನಿಮ್ಮ ಕಥೆ ಹೇಳಿ" ಎಂದರೆ ಅವರಿಗೆ ತೋಚುವುದಿಲ್ಲ. ಒಂದು ವಸ್ತು ತೋರಿಸಿ ಕೇಳಿ. "ಅಜ್ಜಿ, ಈ ಬೀಸುವ ಕಲ್ಲು ಯಾರು ತಂದರು?" ಮಾತು ತಾನಾಗಿ ಬರುತ್ತದೆ.

3. ಅವರು ಹೇಳಿದ ಮಾತಿನಲ್ಲೇ ಬರೆಯಿರಿ. ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ನಡುವೆ ತಮಿಳು ಮಾತು ಬಂದರೆ ಅದೂ ಇರಲಿ.

4. ಅಜ್ಜಿ ಒಂದು ಹೇಳಿದರು, ಚಿಕ್ಕಪ್ಪ ಇನ್ನೊಂದು ಹೇಳಿದರು. ಜಗಳ ಬೇಡ. ಎರಡನ್ನೂ ಬರೆದು, ಯಾರು ಹೇಳಿದ್ದು ಎಂದು ಪಕ್ಕದಲ್ಲಿ ಬರೆಯಿರಿ.

5. ಹಳೆಯ ಫೋಟೋ ಇದ್ದರೆ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಹೆಸರಿಲ್ಲದ ಫೋಟೋ ಮೊಮ್ಮಕ್ಕಳಿಗೆ ಯಾರೋ ಅಪರಿಚಿತರ ಫೋಟೋ.

6. ಫೋನಿನಲ್ಲಿ ಅಜ್ಜಿಯ ದನಿ ರೆಕಾರ್ಡ್ ಮಾಡಿ. ಆದರೆ ಫೋನ್ ಕೆಡುತ್ತದೆ, ಕಳೆಯುತ್ತದೆ. ಅದನ್ನು ಕೇಳಿ ಕಾಗದದ ಮೇಲೂ ಬರೆಯಿರಿ.

7. ಹೇಳಿದವರು "ಇದು ಬೇಡ" ಎಂದರೆ ಬರೆಯಬೇಡಿ. ಮಾತು ಅವರದು.

ಎಲ್ಲವನ್ನೂ ಉಳಿಸಬೇಕೇ?

ನೆನಪು ಬೇರೆ, ಆಚಾರ ಬೇರೆ. ಅಜ್ಜಿಗೆ ಹತ್ತು ವರ್ಷಕ್ಕೇ ಮದುವೆ ಆಗಿರಬಹುದು. ಶಾಲೆಗೆ ಕಳಿಸದೆ ಇದ್ದಿರಬಹುದು. ಅದನ್ನು ನಾವು ಮತ್ತೆ ಮಾಡಬಾರದು. ಆದರೆ ಅದನ್ನು ಬರೆಯಬೇಕು. ಆ ಕಷ್ಟ ಗೊತ್ತಾದರೆ ಮೊಮ್ಮಗಳಿಗೆ ತನ್ನ ಶಾಲೆಯ ಬೆಲೆ ಗೊತ್ತಾಗುತ್ತದೆ. ನಾವೇ ಹೆಚ್ಚು, ಅವರು ಕಡಿಮೆ ಎಂದು ಹೇಳಲೂ ನೆನಪನ್ನು ಬಳಸಬಾರದು. ಪಕ್ಕದ ತಮಿಳು ಮನೆಯಲ್ಲಿ, ತೆಲುಗು ಮನೆಯಲ್ಲಿ ಕೂಡ ಒಬ್ಬ ಅಜ್ಜಿ ಇದ್ದಾರೆ. ಅವರ ಹತ್ತಿರವೂ ಕಥೆ ಇದೆ.

ಇನ್ನೊಂದು ಮಾತು. ನಿಮ್ಮ ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದೆ ಇರಬಹುದು. ಆಗ ನೀವೇ ಓದಿ ಹೇಳಿ, ಅವರು ತಮಿಳಿನಲ್ಲಿ ಬರೆದುಕೊಳ್ಳಲಿ. ಅಜ್ಜಿ ಇರುವಾಗಲೇ ಈ ಕೆಲಸ ಆಗಬೇಕು. ದ್ರಾಕ್ಷಿ ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ ಎಂದು ಕಾಯಬೇಡಿ.

ಮಾಡಿ ನೋಡಿ

ಇವತ್ತು ಮನೆಗೆ ಹೋಗಿ ಈ ಐದು ಸಾಲು ತುಂಬಿಸಿ. ಮುಂದಿನ ವಾರ ತರಗತಿಯಲ್ಲಿ ಓದಿ ಹೇಳಿ.

ನನ್ನ ಅಜ್ಜಿಯ ಹೆಸರು ........
ಅಜ್ಜಿಯ ಅವ್ವನ ಹೆಸರು ........
ಅಜ್ಜಿಯ ತವರೂರು ........
ಅಜ್ಜಿ ಚಿಕ್ಕವರಿದ್ದಾಗ ಮಾಡುತ್ತಿದ್ದ ಕೆಲಸ ........
ಅಜ್ಜಿ ಯಾವಾಗಲೂ ಹೇಳುವ ಒಂದು ಮಾತು ........