ಲಿಥಿಯಮ್ಮಿನ ಪರಿವೇಷ

ಕೆಲವು ರಾತ್ರಿ ಚಂದ್ರನ ಸುತ್ತ ಮಸುಕಾದ ಬೆಳಕಿನ ಬಳೆಯೊಂದು ಕಾಣುವುದುಂಟು. ಅದಕ್ಕೆ ಪರಿವೇಷವೆಂದು ಹೆಸರು. ಪರಮಾಣುವಿನ ಬೀಜಕ್ಕೂ ಅಂಥದೊಂದು ಪರಿವೇಷ ಇರಬಹುದೆಂದರೆ ನಂಬುವುದು ಕಷ್ಟ; ನಾವು ತರಗತಿಯಲ್ಲಿ ವರ್ಣಿಸುವ ಬೀಜವಾದರೋ ನೀರಿನ ಹನಿಯಂತೆ ದುಂಡಗೆ, ಒತ್ತಾಗಿ ತುಂಬಿದ ವಸ್ತು.

ಆ ಹನಿಯ ಲೆಕ್ಕ ಸುಲಭ. ಕಣಗಳ ಸಂಖ್ಯೆ ಎಂಟು ಮಡಿಯಾದರೆ ತ್ರಿಜ್ಯ ಎರಡು ಮಡಿ. ಇದರಂತೆ, 9 ಕಣಗಳ ಲಿಥಿಯಂ ಬೀಜಕ್ಕೆ ಇನ್ನೆರಡು ನ್ಯೂಟ್ರಾನುಗಳು ಕೂಡಿ 11 ಆದಾಗ ತ್ರಿಜ್ಯವು ನೂರಕ್ಕೆ 7ರಷ್ಟು ಹೆಚ್ಚಬೇಕು. 1985ರಲ್ಲಿ ಜಪಾನಿನ ಇಸಾವೊ ತಾನಿಹಾತ ಅವರೂ ಸಂಗಡಿಗರೂ ಅಮೆರಿಕದ ಬರ್ಕ್ಲಿಯಲ್ಲಿ ಅದನ್ನು ಅಳೆದರು. ಸೆಕೆಂಡಿನ ನೂರನೆಯ ಒಂದು ಪಾಲು ಕಳೆಯುವುದರೊಳಗೆ ಅರ್ಧಕ್ಕರ್ಧ ಅಳಿದುಹೋಗುವ ಬೀಜಗಳಿವು! ಇವನ್ನು ಮಹಾವೇಗದಿಂದ ಬೇರೆ ವಸ್ತುಗಳ ಫಲಕಗಳ ಮೂಲಕ ಹಾಯಿಸಿ, ಎಷ್ಟು ಬೀಜಗಳು ತಾಗಿ ಒಡೆದವೆಂದು ಎಣಿಸುವುದೇ ಅಳತೆಯ ಉಪಾಯ. ದೊಡ್ಡ ಬೀಜ ಹೆಚ್ಚು ತಾಗುತ್ತದೆಯಷ್ಟೆ. ಬಂದ ಉತ್ತರ 7 ಅಲ್ಲ, ಸುಮಾರು 30.

ಕಾರಣವನ್ನು 1987ರಲ್ಲಿ ಹಾನ್ಸೆನ್ ಮತ್ತು ಯೋನ್ಸನ್ ಎಂಬ ವಿದ್ವಾಂಸರು ಸೂಚಿಸಿದರು. ಸಾಮಾನ್ಯವಾದ ಬೀಜದಿಂದ ಒಂದು ನ್ಯೂಟ್ರಾನನ್ನು ಕೀಳಲು ಸುಮಾರು 80 ಲಕ್ಷ ಎಲೆಕ್ಟ್ರಾನ್-ವೋಲ್ಟು ಶಕ್ತಿ ಬೇಕು. ಇಲ್ಲಿ ಕೊನೆಯ ಎರಡನ್ನೂ ಒಟ್ಟಿಗೆ ಕೀಳಲು 4 ಲಕ್ಷವೂ ಬೇಡ. ಕಟ್ಟು ಇಷ್ಟು ಸಡಿಲವಾದಾಗ, ಕಣದ ತರಂಗಸ್ವಭಾವದಿಂದಾಗಿ ಅವು ಬೀಜಬಲದ ಎಲ್ಲೆಯನ್ನೂ ಮೀರಿ ಹೊರಗೆ ಹರಡಿಕೊಳ್ಳುತ್ತವೆ. 208 ಕಣಗಳ ಸೀಸದ ಬೀಜ ಎಷ್ಟು ಹರವೋ, ಈ ಎರಡರ ಅಲೆದಾಟದ ಬಯಲೂ ಹೆಚ್ಚುಕಡಮೆ ಅಷ್ಟೇ ಹರವು.

ಇನ್ನೂ ಒಂದು ಸೋಜಿಗ. ಒಳಗಿನ ತಿರುಳಿಗೆ ಒಂದೇ ನ್ಯೂಟ್ರಾನನ್ನು ಸೇರಿಸಿದರೆ ನಿಲ್ಲುವುದಿಲ್ಲ; ಎರಡು ನ್ಯೂಟ್ರಾನುಗಳು ತಾವಾಗಿಯೇ ಜೊತೆಗೂಡಿಯೂ ನಿಲ್ಲುವುದಿಲ್ಲ. ಮೂರೂ ಸೇರಿದರೆ ನಿಲ್ಲುತ್ತವೆ. ಮೂರು ಕೋಲುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುವ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಗಣಿತಜ್ಞನಿಗೆ ಮೂವರ ಸಂಬಂಧ ಎಂದಿಗೂ ತಲೆನೋವೇ.

ಉಪಾಧ್ಯಾಯರಾದ ನಮಗೆ ಮುಜುಗರ ತಂದ ಸಂಗತಿ ಬೇರೆ. 1949ರಲ್ಲಿ ಮರಿಯಾ ಗೆಪರ್ಟ್ ಮೇಯರ್ ಮತ್ತು ಯೆನ್ಸೆನ್ ಅವರು ಬೀಜದೊಳಗೆ ಈರುಳ್ಳಿಯ ಪದರಗಳಂತೆ ಕಕ್ಷೆಗಳಿವೆಯೆಂದೂ, 2, 8, 20, 28, 50 ಮೊದಲಾದ ಸಂಖ್ಯೆಗಳಲ್ಲಿ ಒಂದೊಂದು ಪದರ ಮುಚ್ಚಿ ಬೀಜ ದೃಢವಾಗುವುದೆಂದೂ ತೋರಿಸಿದ್ದರು. ಆ ಪಟ್ಟಿಯನ್ನು ನಾವು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದೇವೆ. ಈ ಲಿಥಿಯಮ್ಮಿನಲ್ಲಿರುವ ನ್ಯೂಟ್ರಾನುಗಳೋ ಸರಿಯಾಗಿ 8. ಪದರ ಮುಚ್ಚಿರಬೇಕಾಗಿತ್ತು, ಮುಚ್ಚಿಲ್ಲ. ಹೊರಗಿನ ಜೋಡಿಯು ಬಹುಮಟ್ಟಿಗೆ ಅರ್ಧ ಕಾಲವನ್ನು ಮೇಲಿನ ಪದರಕ್ಕೆ ಸೇರಿದ ಕಕ್ಷೆಯಲ್ಲೇ ಕಳೆಯುತ್ತದೆಂದು ಮುಂದಿನ ಪ್ರಯೋಗಗಳು ತಿಳಿಸಿದವು. ಸ್ಥಿರವಾದ ಬೀಜಗಳನ್ನು ನೋಡಿ ಬರೆದ ಪಟ್ಟಿ ಅದು. ಈಗ ಅದನ್ನು ಕಲಿಸುವಾಗ 8ರ ಮುಂದೆ ಒಂದು ಪ್ರಶ್ನಚಿಹ್ನೆಯನ್ನು ಹಾಕುತ್ತೇವೆ.